ಹಳೇ ಚಕಮಕಿ ಕೋವಿಗೆ ಲಾಕ್ ಕೂರಿಸಿದ್ದು

ಶಿರಸಿ ಹತ್ತಿರದ ನಮ್ಮ ಹಳೇ ಮನೆಯ ಜಗಲಿಯಲ್ಲಿ ಒಂದು ಕೋವಿ ನೇತಾಡುತ್ತಿತ್ತು. ಕೇಪಿನ ಕೋವಿ ಅಲ್ಲ, ಅದಕ್ಕೂ ಹಿಂದಿನದು, ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಿಸುವಂಥದ್ದು. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಗುಂಡು ಹಾರುವುದಿಲ್ಲ. ನಳಿಗೆ ತುಕ್ಕು ತಿಂದು ತೂತಾಗಿದೆ, ಒಳಗೆ ಸರಳು ತೂರಿಸಿ ಬೆಸುಗೆ ಹಾಕಿದೆ. ಠಾಣೆಯಲ್ಲಿ ತೋರಿಸಿ, ಕೇಳಿಕೊಂಡೇ ಕೈ ಹಾಕಿದೆ. ನನಗೆ ಬೇಕಿದ್ದದ್ದು ಕಿಡಿ ಮಾತ್ರ. ಲೈಸೆನ್ಸ್ ಇರುವ ತೋಟದ ಕೋವಿಯನ್ನು ಹೀಗೆ ಮನೆಯಲ್ಲಿ ಬಿಚ್ಚಲು ಹೋಗಬೇಡಿ.

ಹಿಡಿಯನ್ನು ಒರಲೆ ತಿಂದಿತ್ತು. ಹೊಸ ಹಿಡಿಗೆ ಹಲಸಿನ ಹಲಗೆ ಸಿಕ್ಕಿತು, ಏಪ್ರಿಲ್‌ನಲ್ಲಿ ಕೆಲಸ ಶುರು ಮಾಡಿದೆ.

ಲಾಕ್ ಅಂದರೆ ಬೀಗವಲ್ಲ, ಕಲ್ಲನ್ನು ಉಕ್ಕಿಗೆ ಹೊಡೆಸಿ ಕಿಡಿ ಹಾರಿಸುವ ಯಂತ್ರ. ಅದನ್ನು ಬಿಚ್ಚುವಾಗಲೇ ಒಂದು ಪೆಟ್ಟು ತಿಂದೆ. ಮೇನ್ ಸ್ಪ್ರಿಂಗ್ ತೆಗೆಯಲು ಅದನ್ನು ಒತ್ತಿ ಹಿಡಿಯುವ ಸಣ್ಣ ವೈಸ್ ಬೇಕು, ನಾನು ಸುಮ್ನೆ ಇಕ್ಕಳದಲ್ಲಿ ಹಿಡಿದೆ. ಅದು ಹಾರಿ ಅಂಗಳದ ಅಡಿಕೆ ಸಿಪ್ಪೆಯ ರಾಶಿಗೆ ಬಿತ್ತು. ಹುಡುಕಲು ಅರ್ಧ ದಿನ. ಕಣ್ಣಿಗೆ ಬಡಿಯಲಿಲ್ಲ, ಅಷ್ಟೇ ಪುಣ್ಯ.

ಲಾಕ್ ಕೂರುವ ಗುಂಡಿಯನ್ನು ಮರದಲ್ಲಿ ತೋಡುವುದಕ್ಕೆ ಹಣತೆಯ ಮಸಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಲಾಕ್ ಪ್ಲೇಟಿಗೆ ತೆಳ್ಳಗೆ ಬಳಿದೆ. ಒತ್ತಿ ತೆಗೆದಾಗ ಮರದಲ್ಲಿ ಕಪ್ಪು ಎಲ್ಲಿ ಅಂಟಿದೆಯೋ ಅಲ್ಲಷ್ಟೇ ಉಳಿ ಆಡಿಸಿದೆ. ಮತ್ತೆ ಒತ್ತುವುದು, ಮತ್ತೆ ಕೆರೆಯುವುದು. ಬೇಜಾರಿನ ಕೆಲಸ, ಆದರೆ ಅವಸರ ಮಾಡಿ ಜಾಸ್ತಿ ಕೆರೆದರೆ ಮರ ವಾಪಸ್ ಬರುವುದಿಲ್ಲ ಅಲ್ವಾ.

ಮೇ ಕೊನೆಗೆ ಎಲ್ಲ ಚೆನ್ನಾಗಿತ್ತು. ಜುಲೈನಲ್ಲಿ ಟ್ರಿಗರ್ ಎಳೆದರೆ ಕುದುರೆ, ಅಂದರೆ ಕಲ್ಲು ಕಚ್ಚಿಕೊಂಡು ಹೊಡೆಯುವ ಸುತ್ತಿಗೆಯಂಥ ಭಾಗ, ಮುದುಕನ ಹಾಗೆ ನಿಧಾನಕ್ಕೆ ಬಿತ್ತು. ಸ್ಪ್ರಿಂಗ್ ಸತ್ತಿತು ಅಂದುಕೊಂಡೆ. ಅದನ್ನು ಕಾಯಿಸಿ ಮತ್ತೆ ಹದ ಹಾಕಬೇಕು ಅಂತ ಒಬ್ಬರು ಹೇಳಿದರು, ಸದ್ಯ ಹಾಗೆ ಮಾಡಲಿಲ್ಲ. ಲಾಕನ್ನು ಹೊರಗೆ ತೆಗೆದು ಕೈಯಲ್ಲಿ ಹಿಡಿದು ನೋಡಿದೆ, ಕುದುರೆ ಫಟ್ಟನೆ ಬಿತ್ತು. ಹಿಡಿಯೊಳಗೆ ಕೂರಿಸಿದರೆ ಮತ್ತೆ ಮಂಕು. ಅಂದರೆ ಉಕ್ಕಿನದಲ್ಲ, ಮರದ ತಪ್ಪು. ಬೇಸಿಗೆಯಲ್ಲಿ ಬಿಗಿಯಾಗಿ ತೋಡಿದ ಗುಂಡಿ ನಮ್ಮ ಮಳೆಗೆ ಉಬ್ಬಿ ಸ್ಪ್ರಿಂಗಿನ ಕೆಳಗಿನ ಕಾಲಿಗೂ, ಕುದುರೆಯ ಜೊತೆ ಒಳಗೆ ತಿರುಗುವ ಟಂಬ್ಲರ್‌ಗೂ ಉಜ್ಜುತ್ತಿತ್ತು. ಈ ಸಲ ಮಸಿಯನ್ನು ಆ ಒಳಗಿನ ಭಾಗಗಳಿಗೇ ಬಳಿದು ಕುದುರೆ ಎಳೆದು ಬಿಟ್ಟೆ, ಉಜ್ಜುವ ಜಾಗ ತಾನೇ ತೋರಿಸಿತು. ಅಲ್ಲಿ ಒಂದು ಪೋಸ್ಟ್ ಕಾರ್ಡಿನ ದಪ್ಪದಷ್ಟು ಸಂದಿ ಬಿಟ್ಟು, ಹೊಸದಾಗಿ ಕೆರೆದ ಮರದ ಮೈಗೆ ಎಣ್ಣೆ ಕುಡಿಸಿದೆ. ಪ್ಲೇಟಿನ ಅಂಚು ಮಾತ್ರ ಮರಕ್ಕೆ ಬಿಗಿಯಾಗಿ ಕೂರಬೇಕು, ಒಳಗೆ ಓಡಾಡುವ ಯಾವುದೂ ಮರ ಮುಟ್ಟಬಾರದು.

ಇನ್ನೊಂದು ಕಳ್ಳ, ಲಾಕನ್ನು ಹಿಡಿಗೆ ಬಿಗಿಯುವ ಅಡ್ಡದ ಸ್ಕ್ರೂ. ಅದನ್ನು ಬಲವಾಗಿ ತಿರುಗಿಸಿದರೆ ಪ್ಲೇಟೇ ಬಾಗಿ ಒಳಗಿನದೆಲ್ಲ ಕಚ್ಚಿಕೊಳ್ಳುತ್ತದೆ. ಅರ್ಧ ಸುತ್ತು ಸಡಿಲಿಸಿದೆ, ಕುದುರೆ ಇನ್ನೂ ಚುರುಕಾಯಿತು.

ಟ್ರಿಗರ್ ಕೂರಿಸುವಾಗ ಅದರ ತಲೆ ಸಿಯರ್‌ನ, ಅಂದರೆ ಟಂಬ್ಲರಿನ ಕಚ್ಚಿಗೆ ಸಿಕ್ಕಿ ಕುದುರೆಯನ್ನು ಹಿಡಿದಿಡುವ ಕೊಕ್ಕೆಯ, ಬಾಲಕ್ಕೆ ಸದಾ ಒತ್ತಿಕೊಂಡಿರಬಾರದು, ಕೂದಲೆಳೆಯಷ್ಟು ಆಟ ಇರಬೇಕು. ನನ್ನದರಲ್ಲಿ ಇರಲಿಲ್ಲ, ಹಾಗಾಗಿ ಅರ್ಧ ಎಳೆದ ಕುದುರೆ ಕಚ್ಚಿನಲ್ಲಿ ಪೂರ್ತಿ ಕೂರದೆ ಜಾರುತ್ತಿತ್ತು. ಟ್ರಿಗರ್ ಮೇಲೆ ಅರ ಆಡಿಸಿದೆ. ಟಂಬ್ಲರಿನ ಕಚ್ಚಿಗೆ ಮಾತ್ರ ಅರ ಮುಟ್ಟಿಸಲಿಲ್ಲ, ಅಲ್ಲಿ ಕೋನ ಕೆಟ್ಟರೆ ಕುದುರೆ ನಿಲ್ಲುವುದೇ ಇಲ್ಲ.

ಕಿಡಿ ಇನ್ನೂ ಬಡವಾಗಿತ್ತು. ಕಿಡಿ ಅಂದರೆ ಕಲ್ಲಿನದಲ್ಲ, ಕಲ್ಲು ಕೆತ್ತಿ ತೆಗೆದ ಉಕ್ಕಿನ ಚೂರು ಉರಿಯುವುದು. ಹಾಗಾಗಿ ಕಲ್ಲು ಹೊಡೆಯುವ ಆ ಉಕ್ಕಿನ ಮುಖಕ್ಕೆ, ಅದಕ್ಕೆ ಫ್ರಿಜನ್ ಅನ್ನುತ್ತಾರೆ, ಅರ ಹಾಕಿ ನೋಡಿದೆ. ಅರ ಜಾರಿತು, ಹದ ಚೆನ್ನಾಗೇ ಇದೆ. ಕಲ್ಲೇ ಸರಿ ಇರಲಿಲ್ಲ. ಹೊಳೆಯಿಂದ ತಂದ ಬಿಳಿ ಕಲ್ಲು ಪುಡಿಯಾಗುತ್ತಿತ್ತು. ಗೋಕರ್ಣದಲ್ಲಿ ಮಣಿ, ಮಾಲೆ ಮಾರುವ ಅಂಗಡಿಯಿಂದ ಒಂದು ಅಗೇಟ್ ಕಲ್ಲು ತಂದು, ಕನ್ನಡಕ ಹಾಕಿಕೊಂಡು ಒಡೆದು, ಚೂಪು ಅಂಚಿನ ತುಂಡು ಆರಿಸಿದೆ. ಚರ್ಮದ ಚೂರು ಸುತ್ತಿ ಕುದುರೆಯ ಬಾಯಿಗೆ ಕಚ್ಚಿಸಿದೆ. ಅಂಚು ಉಕ್ಕಿನ ಮುಖದ ಅಗಲಕ್ಕೂ ಒಂದೇ ಸಲ ತಾಗುವಂತೆ, ಮೇಲಿನ ಮೂರನೇ ಒಂದು ಭಾಗದ ಹತ್ತಿರ ಹೊಡೆಯುವಂತೆ ಹೊಂದಿಸಿದೆ.

ರಾತ್ರಿ ಕರೆಂಟ್ ಹೋದಾಗ ಜಗಲಿಯಲ್ಲಿ ಕೂತು ಟ್ರಿಗರ್ ಎಳೆದೆ. ಬಿಳಿ ಕಿಡಿ ಸುರಿದು ಕೆಳಗೆ ಮದ್ದು ಹಾಕುವ ಬಟ್ಟಲಿಗೇ ಬಿತ್ತು. ಮಗಳು ಇನ್ನೊಮ್ಮೆ ಅಂದಳು, ಹನ್ನೊಂದು ಸಲ ಎಳೆದ ಮೇಲೆ ಕಲ್ಲು ಮೊಂಡಾಯಿತು.