ನೂರೈವತ್ತು ಗಜದ ನನ್ನ ಸುಳ್ಳು

ಗಾಲ್ಫ್ ಶುರು ಮಾಡಿದಾಗ ನನಗೆ 46 ವರ್ಷ. ಅಲ್ಲಿಯವರೆಗೆ ಅದು ಕೆಜಿಎಫ್ ಗಣಿ ಸಾಹೇಬರ ಆಟ ಅಂತಲೇ ತಿಳಿದಿದ್ದೆ. ಅಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸಕ್ಕಿದ್ದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಶ್ರೀನಿವಾಸಪುರದ ಹತ್ತಿರದ ನಮ್ಮ ಮಾವಿನ ತೋಟಕ್ಕೆ ಬಂದು ಕೂತರು. ಈಗ ತೋಟ ನೋಡಿಕೊಳ್ಳುವವನು ನಾನು. ಭಾನುವಾರ ಬೆಳಿಗ್ಗೆ ಮಾತ್ರ ಕೋಲಾರದ ಕಡೆಯ ಮೈದಾನಕ್ಕೆ ಹೋಗಿ ಆಡಿ ಬರುತ್ತೇನೆ.

ಕೈಯಲ್ಲಿ ಹಿಡಿಯುವ ಜಿಪಿಎಸ್ ಮಿಷನ್ ಕೊಂಡಿದ್ದು ಎರಡನೇ ವರ್ಷದಲ್ಲಿ. ಹಳೇ ಮೊಬೈಲಿನಷ್ಟು ದಪ್ಪ, ಜೇಬಿಗೆ ಹೋಗುತ್ತದೆ. ಮೈದಾನಗಳ ನಕ್ಷೆ ಅದರೊಳಗೇ ಇರುತ್ತದೆ. ನಿಂತ ಜಾಗದಿಂದ ಕುಳಿಯೂ ಬಾವುಟವೂ ಇರುವ ನುಣುಪು ಹುಲ್ಲಿನ ಗ್ರೀನ್‌ನ ಮುಂದಿನ ಅಂಚು, ಮಧ್ಯ, ಹಿಂದಿನ ಅಂಚು ಎಷ್ಟೆಷ್ಟು ದೂರ ಅಂತ ಮೂರು ಅಂಕಿ ತೋರಿಸುತ್ತದೆ, ಎಲ್ಲಾ ಗಜದಲ್ಲಿ. ನಮ್ಮ ಕಡೆಯವರಿಗೆ ಗಜ ಕಷ್ಟವಲ್ಲ. ಸರ್ವೆಯವರ ಸರಪಳಿ 33 ಅಡಿ, ಅಂದರೆ 11 ಗಜ. ಉದ್ದಕ್ಕೆ ಒಂದು ಸರಪಳಿ, ಅಗಲಕ್ಕೆ ಒಂದು ಸರಪಳಿ ಎಳೆದರೆ ಒಂದು ಗುಂಟೆ. 120 ಗಜ ಅಂದರೆ ನನ್ನ ತಲೆಯಲ್ಲಿ ಹನ್ನೊಂದು ಸರಪಳಿಗೆ ಸ್ವಲ್ಪ ಕಮ್ಮಿ.

ಕೊಂಡಾಗ ಇದ್ದ ಆಸೆಯೇ ಬೇರೆ. ದೂರ ಗೊತ್ತಾದರೆ ಚೆಂಡು ಗ್ರೀನ್ ಮೇಲೆ ಬೀಳುತ್ತದೆ ಅಂದುಕೊಂಡಿದ್ದೆ. ಮೊದಲ ಎರಡು ವಾರ 150 ಅಂತ ತೋರಿಸಿದಾಗಲೆಲ್ಲಾ ಸೆವೆನ್ ಐರನ್ ಅನ್ನೋ ಕ್ಲಬ್ (ಹೊಡೆಯುವ ಕೋಲು) ತೆಗೆದೆ. ಪ್ರತಿ ಸಲವೂ ಚೆಂಡು ಗ್ರೀನ್ ಮುಂದಿನ ಬಂಕರ್ ಅನ್ನೋ ಮರಳು ಗುಂಡಿಯಲ್ಲಿ. ಮಿಷನ್ನೇ ಸುಳ್ಳು ಹೇಳುತ್ತಿದೆ ಅಂತ ಬೈದೆ. ಜೊತೆಗಾರನ ದೂರ ಅಳೆಯುವ ಲೇಸರ್ ಇಸ್ಕೊಂಡು ಬಾವುಟಕ್ಕೆ ಹಿಡಿದು ನೋಡಿದರೆ ಎರಡಕ್ಕೂ ನಾಲ್ಕು ಗಜ ವ್ಯತ್ಯಾಸ, ಅಷ್ಟೇ. ತೆರೆದ ಬಯಲಲ್ಲಿ ಜಿಪಿಎಸ್ ಅಷ್ಟು ಆಚೀಚೆ ಆಗೋದು ಸಹಜ.

ಹಾಗಾದರೆ ಸುಳ್ಳು ಯಾರದು?

ಅದರಲ್ಲೇ ಹೊಡೆತ ಅಳೆಯುವ ಒಂದು ಬಟನ್ ಇದೆ. ಹೊಡೆದ ಜಾಗದಲ್ಲಿ ಒತ್ತಬೇಕು, ಚೆಂಡಿನ ಹತ್ತಿರ ನಡೆದುಹೋಗಿ ನೋಡಬೇಕು. ಒತ್ತುವ ಮುಂಚೆ ನಾಲ್ಕೈದು ಸೆಕೆಂಡ್ ಅಲ್ಲಾಡದೆ ನಿಂತರೆ ಲೆಕ್ಕ ಸರಿಯಾಗಿ ಬರುತ್ತದೆ. ನಡೆಯುತ್ತಾ ಒತ್ತಿದರೆ ಅಂಕಿ ಓಲಾಡುತ್ತದೆ. ಆರು ಭಾನುವಾರ ಸೆವೆನ್ ಐರನ್ ಹೊಡೆತಗಳನ್ನೆಲ್ಲಾ ತೋಟದ ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ಒಳ್ಳೇದು ಕೆಟ್ಟದ್ದು ಅಂತ ಬಿಡಲಿಲ್ಲ, ಅದೇ ಮುಖ್ಯ. 131, 119, 127, 146, 98, 133... 22 ಹೊಡೆತಕ್ಕೆ ಸರಾಸರಿ 128. ಆ 146 ಒಂದೇ ಒಂದು ಸಲ, ಅದೂ ಬೇಸಿಗೆಯಲ್ಲಿ, ನೆಲ ಕಲ್ಲಾಗಿದ್ದಾಗ ಪುಟಿದು ಉರುಳಿದ್ದು. ಆ ಒಂದನ್ನು ನೆನಪಿಟ್ಟುಕೊಂಡು 'ನನ್ನ ಸೆವೆನ್ ಐರನ್ ನೂರೈವತ್ತು' ಅಂತ ಊರೆಲ್ಲಾ ಹೇಳಿಕೊಂಡು ಬಂದಿದ್ದೆ.

ಒಂದು ಮಾತು. ಈ ಬಟನ್ ತೋರಿಸೋದು ಚೆಂಡು ಹಾರಿದ ದೂರವನ್ನಲ್ಲ, ಉರುಳಿ ನಿಂತ ದೂರವನ್ನ. ಮಧ್ಯೆ ನೀರು ಇದ್ದರೆ ಬೇಕಾಗೋದು ಹಾರುವ ದೂರ. ಹಾಗಾಗಿ ನೀರಿನ ಆಚೆ ದಡಕ್ಕೆ 115 ಅಂತ ಕಂಡರೆ ನಾನೀಗ ಸೆವೆನ್ ಮುಟ್ಟೋದೇ ಇಲ್ಲ.

ಮೂರು ಅಂಕಿಗಳಲ್ಲಿ ಮೊದಮೊದಲು ನೋಡುತ್ತಿದ್ದದ್ದು ಮಧ್ಯದ್ದು. ಈಗ ಹಿಂದಿನ ಅಂಚಿನದ್ದು. ಗ್ರೀನ್ ಮುಂದಿನಿಂದ ಹಿಂದಕ್ಕೆ 30 ಗಜ ಇದ್ದರೆ ಎರಡು ಮೂರು ಕ್ಲಬ್‌ನಷ್ಟು ಫರಕು. ಬಾವುಟ ಇವತ್ತು ಎಲ್ಲಿ ನೆಟ್ಟಿದ್ದಾರೆ ಅನ್ನೋದು ಜಿಪಿಎಸ್‌ಗೆ ಗೊತ್ತಿಲ್ಲ, ಅದನ್ನು ಕಣ್ಣಲ್ಲೇ ನೋಡಬೇಕು. ಅದು ಗೊತ್ತಾಗೋದು ಲೇಸರ್‌ಗೆ. ಆದರೆ ದಿಬ್ಬದ ಹಿಂದಿನ ಗ್ರೀನ್‌ಗೆ ಲೇಸರ್ ಏನು ಮಾಡುತ್ತೆ? ಬಾವುಟವೇ ಕಾಣಲ್ಲ. ಕೈ ನಡುಗುವ ನನ್ನಂಥವನಿಗಂತೂ ಜಿಪಿಎಸ್ಸೇ ವಾಸಿ.

ನನ್ನ ಮಿಷನ್ ಎತ್ತರ ತಗ್ಗು ಲೆಕ್ಕ ಹಾಕಲ್ಲ. ಒಂದು ಏರಿನ ಮೇಲಿನ ಗ್ರೀನ್ 124 ಅಂತ ತೋರಿಸಿತು. ಆಷಾಢದ ಗಾಳಿ ಎದುರಿಗೆ ಬೀಸುತ್ತಿತ್ತು. 128 ಲೆಕ್ಕ ಇತ್ತಲ್ಲ, ಧೈರ್ಯವಾಗಿ ಸೆವೆನ್ ಎತ್ತಿದೆ. ಬ್ಯಾಗ್ ಹೊರುವ ಕ್ಯಾಡಿ ಹುಡುಗ ಅದಕ್ಕಿಂತ ದೂರ ಹೋಗುವ ಫೈವ್ ಐರನ್ ಎಳೆದು ಹಿಡಿದ.

"ಮಿಷನ್ ಸರಿಯಾಗೇ ಹೇಳ್ತೈತೆ ಸಾರ್. ಅದಕ್ಕೆ ಗಾಳಿ ತಗುಲಲ್ವಲ್ಲ."

ಅವನ ಮಾತು ಕೇಳಲಿಲ್ಲ. ಚೆಂಡು ಏರಿನ ಅರ್ಧಕ್ಕೆ ಬಡಿದು ನನ್ನ ಕಡೆಗೇ ಉರುಳಿ ಬಂತು. ಆಮೇಲೆ ನಮ್ಮಿಬ್ಬರಿಗೂ ಒಂದು ಪದ್ಧತಿ ಆಗಿದೆ. ಮೊದಲು ಅವನು ದೂರ ಹೇಳಬೇಕು, ಆಮೇಲೆ ನಾನು ಮಿಷನ್ ತೋರಿಸಬೇಕು. ಐದು ಗಜದೊಳಗೆ ಹೇಳಿದರೆ ಟೀ ನನ್ನದು. ಟೀ ಜಾಸ್ತಿ ಕುಡಿದಿರೋನು ಅವನೇ.

ಎತ್ತರದ ಲೆಕ್ಕ ಹಾಕುವ ಮಿಷನ್‌ಗಳೂ ಇವೆ. ಆದರೆ ಸ್ಪರ್ಧೆಯಲ್ಲಿ ಆ ಲೆಕ್ಕವನ್ನು ಬಳಸುವ ಹಾಗಿಲ್ಲ. 2019ರ ನಿಯಮದಿಂದ ದೂರ ಅಳೆಯೋದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಏರು ತಗ್ಗು ಅಳೆದರೆ ಮೊದಲ ಸಲ ದಂಡ, ಎರಡನೇ ಸಲ ಆಟದಿಂದಲೇ ಹೊರಗೆ. ಕೊಳ್ಳುವವರು ಅದನ್ನು ಆಫ್ ಮಾಡೋಕೆ ಆಗುತ್ತಾ ಅಂತ ಅಂಗಡಿಯಲ್ಲೇ ಕೇಳಿಕೊಳ್ಳಿ. ನಕ್ಷೆಗೆ ವರ್ಷವರ್ಷ ದುಡ್ಡು ಕಟ್ಟಬೇಕಾ ಅಂತಲೂ ಕೇಳಿ. ನೀವು ಆಡುವ ಮೈದಾನ ಅದರಲ್ಲಿದೆಯಾ ಅಂತ ಎಲ್ಲಕ್ಕಿಂತ ಮೊದಲು ಕೇಳಿ.

ಇನ್ನೊಂದು ಚಿಕ್ಕ ವಿಷಯ. ಮಿಷನ್ ಆನ್ ಮಾಡಬೇಕಾದ್ದು ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ ಅಲ್ಲ, ಕಾರು ನಿಲ್ಲಿಸಿದಲ್ಲಿ. ವಾರ ಆಫ್ ಆಗಿದ್ದ ಮಿಷನ್ ಉಪಗ್ರಹಗಳನ್ನು ಹುಡುಕಿಕೊಳ್ಳೋಕೆ ಸ್ವಲ್ಪ ಹೊತ್ತು ತಗೊಳ್ಳುತ್ತದೆ. ಶೂ ಕಟ್ಟಿಕೊಳ್ಳುವಷ್ಟರಲ್ಲಿ ಅದೂ ತಯಾರು.

ಹೊಡೆತ ಅಳೆಯುವ ಬಟನ್ ನಂಬಿ ತೋಟದಲ್ಲೂ ಒಂದು ಸಾಹಸ ಮಾಡಿದೆ. ಬೋರ್‌ವೆಲ್‌ನಿಂದ ಮೇಲಿನ ತೊಟ್ಟಿಯವರೆಗೆ ಪೈಪ್ ಎಳೆಯಬೇಕಿತ್ತು. ಬೋರ್ ಹತ್ತಿರ ಒತ್ತಿದೆ, ತೊಟ್ಟಿ ಹತ್ತಿರ ಹೋಗಿ ನೋಡಿದೆ: 196 ಗಜ. ಗಜಕ್ಕೆ 0.9144 ಮೀಟರ್ ಅಂತ ಗುಣಿಸಿ, 180 ಮೀಟರ್ ಪೈಪ್ ಕತ್ತರಿಸಿಕೊಂಡು ತಂದೆ. ಮಿಷನ್ ಅಳೆದಿದ್ದು ಕಾಗೆ ಹಾರುವ ದಾರಿ. ನಮ್ಮ ಪೈಪ್ ಬದು ಸುತ್ತಿ, ಹಳ್ಳ ಇಳಿದು ಹತ್ತಬೇಕು. ಒಂಬತ್ತು ಮೀಟರ್ ಕಮ್ಮಿ ಬಿತ್ತು. ತುಂಡು ತಂದು ಕಪ್ಲಿಂಗ್ ಹಾಕಿಸಿದೆ. ಮೋಟಾರ್ ಹಾಕಿದಾಗಲೆಲ್ಲಾ ಅಲ್ಲಿ ಈಗಲೂ ತೊಟ್ಟಿಕ್ಕುತ್ತದೆ.