ಆಫೀಸಿಗೆ ಐಪಿ ಫೋನ್ ಹಾಕಿಸುವ ಮುಂಚೆ ಇಷ್ಟು ನೋಡಿಕೊಳ್ಳಿ

ಹತ್ತು ಜನರ ಆಫೀಸಿಗೆ ಐಪಿ ಪಿಬಿಎಕ್ಸ್ (ಇಂಟರ್ನೆಟ್ ಮೂಲಕ ನಡೆಯುವ ಆಫೀಸ್ ಫೋನ್ ಎಕ್ಸ್‌ಚೇಂಜ್) ಹಾಕಿಸುತ್ತಿದ್ದೀರಾ? ಮೊದಲು ಇಂಟರ್ನೆಟ್ ಲೆಕ್ಕ ಹಾಕಿ. ಮಾತನ್ನು ಡೇಟಾ ಆಗಿ ಬದಲಿಸುವ ವಿಧಾನಕ್ಕೆ ಕೋಡೆಕ್ ಅಂತಾರೆ; ಜಿ.711 ಅನ್ನುವ ಕೋಡೆಕ್‌ನಲ್ಲಿ ಒಂದು ಕರೆಗೆ ಹೋಗಲು, ಬರಲು ತಲಾ ಸುಮಾರು 87 ಕೆಬಿಪಿಎಸ್ ಬೇಕು. ಒಟ್ಟಿಗೆ ಹತ್ತು ಕರೆ ನಡೆದರೂ ಒಂದೊಂದು ದಿಕ್ಕಿಗೆ 1 ಎಂಬಿಪಿಎಸ್ ದಾಟಲ್ಲ, ಹಾಗಾಗಿ ಸುಮ್ನೆ ಜಾಸ್ತಿ ಸ್ಪೀಡಿನ ಪ್ಲಾನ್ ತಗೋಬೇಡಿ.

ನೋಡಬೇಕಾದ್ದು ಜಿಟರ್. ಅಂದರೆ ಮಾತಿನ ಪ್ಯಾಕೆಟ್‌ಗಳು ಒಂದೇ ಸಮನೆ ಬರದೆ ಒಂದು ಬೇಗ, ಒಂದು ತಡವಾಗಿ ಬರುವುದು. ಇದು 30 ಮಿಲಿಸೆಕೆಂಡಿನೊಳಗೆ ಇರಲಿ. ರೂಟರ್‌ನಲ್ಲಿ ಕ್ಯೂಓಎಸ್ (ಯಾವ ಡೇಟಾ ಮೊದಲು ಹೋಗಬೇಕು ಅನ್ನುವ ಸೆಟ್ಟಿಂಗ್) ಆನ್ ಮಾಡಿ ಧ್ವನಿಗೆ ಡಿಎಸ್‌ಸಿಪಿ 46 ಅನ್ನುವ ಆದ್ಯತೆಯ ಗುರುತು ಕೊಟ್ಟರೆ, ಪಕ್ಕದ ಟೇಬಲ್‌ನವರು ದೊಡ್ಡ ಫೈಲ್ ಕಳಿಸುತ್ತಿದ್ದರೂ ನಿಮ್ಮ ಆಫೀಸಿನಿಂದ ಮಾತೇ ಮೊದಲು ಹೊರಡುತ್ತದೆ.

ನಮ್ಮಲ್ಲಿ ಒಂದು ಸಲ ನಮ್ಮ ಮಾತು ಗ್ರಾಹಕರಿಗೆ ಕೇಳುತ್ತಿತ್ತು, ಅವರದು ನಮಗೆ ಕೇಳುತ್ತಿರಲಿಲ್ಲ. ಎರಡು ದಿನ ಫೋನ್, ಕೇಬಲ್ ಎಲ್ಲ ಬದಲಾಯಿಸಿ ಸಾಕಾಗಿ, ಕೊನೆಗೆ ರೂಟರ್‌ನ ಸಿಪ್ ಎಎಲ್‌ಜಿ (ಇಂಟರ್ನೆಟ್ ಕರೆಗಳ ಪ್ಯಾಕೆಟ್‌ಗಳನ್ನು ರೂಟರೇ ತಿದ್ದುವ ಸೆಟ್ಟಿಂಗ್) ಆಫ್ ಮಾಡಿದ ಮೇಲೆ ಸರಿಹೋಯಿತು. ನೀವು ಮೊದಲ ದಿನವೇ ಆಫ್ ಮಾಡಿಬಿಡಿ.

ಐವಿಆರ್‌ನಲ್ಲಿ (‘ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ’ ಅನ್ನುವ ರೆಕಾರ್ಡೆಡ್ ಧ್ವನಿ) ಮೂರು ಆಯ್ಕೆ ಸಾಕು, ಎಂಟು ಕೇಳುವಷ್ಟು ತಾಳ್ಮೆ ಯಾರಿಗಿದೆ ಅಲ್ವಾ? ಸೇಲ್ಸ್‌ನವರಿಗೆ ರಿಂಗ್ ಗ್ರೂಪ್ ಮಾಡಿ, ಎಲ್ಲರ ಫೋನೂ ಒಟ್ಟಿಗೆ ಹೊಡೆದುಕೊಳ್ಳುತ್ತದೆ. ಪಿಓಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಫೋನಿಗೆ ಕರೆಂಟ್ ಕೊಡುವ ಸ್ವಿಚ್), ರೂಟರ್, ಇಂಟರ್ನೆಟ್ ಮೋಡೆಮ್, ಪಿಬಿಎಕ್ಸ್ ಆಫೀಸಿನಲ್ಲೇ ಇದ್ದರೆ ಅದನ್ನೂ ಯುಪಿಎಸ್‌ಗೆ ಹಾಕಿ, ಕರೆಂಟ್ ಹೋದರೂ ಫೋನ್ ನಡೆಯುತ್ತದೆ.