ಐನ್‌ಮನೆಯ ಕೋಣೆಗಳಿಗೆ ಹೊಸ ಅಲಂಕಾರ, ಗೋಡೆಗೆ ಒಂದು ಮೊಳೆಯೂ ಹೊಡೆಯದೆ

ಹಳೆಯ ಮನೆಯೊಂದರ ಕೋಣೆಗಳನ್ನು ಒಬ್ಬೊಬ್ಬ ಒಳಾಂಗಣ ವಿನ್ಯಾಸಕರಿಗೆ ಹಂಚಿಕೊಟ್ಟು, ಅವರು ಸಿಂಗರಿಸಿದ ಮೇಲೆ ಟಿಕೆಟ್ ಇಟ್ಟು ಜನರಿಗೆ ತೋರಿಸಿ, ಬಂದ ಹಣವನ್ನು ಒಳ್ಳೆಯ ಕೆಲಸಕ್ಕೆ ಕೊಡುವ ರೂಢಿ ಅಮೆರಿಕದಲ್ಲಿ ಹಳೆಯದು. ನ್ಯೂಯಾರ್ಕ್‌ನ ಕಿಪ್ಸ್ ಬೇ ಪ್ರದರ್ಶನ 1973ರಲ್ಲಿ ಮಕ್ಕಳ ಕ್ಲಬ್ಬೊಂದರ ನೆರವಿಗಾಗಿ ಶುರುವಾಯಿತು. ಅಂಥ ಪ್ರದರ್ಶನಗಳಲ್ಲಿ ವಿನ್ಯಾಸಕರು ವಾಲ್‌ಪೇಪರ್ ಅಂಟಿಸುತ್ತಾರೆ, ಪೇಂಟ್ ಬಳಿಯುತ್ತಾರೆ, ನೆಲವನ್ನೂ ಮುಚ್ಚುತ್ತಾರೆ. ಕೊಡಗಿನ ಐನ್‌ಮನೆಯಲ್ಲಿ, ಅಂದರೆ ಕೊಡವರ ಹಿರಿಯರ ಮೂಲಮನೆಯಲ್ಲಿ, ಇದ್ಯಾವುದೂ ಆಗದು. ಮಣ್ಣಿನ ಗೋಡೆ ಅದನ್ನು ತಾಳುವುದಿಲ್ಲ. ಮನೆಯೂ ಒಬ್ಬರದಲ್ಲ, ಇಡೀ ಒಕ್ಕದ್ದು, ಅಂದರೆ ಒಂದೇ ಮೂಲದ ಇಡೀ ಮನೆತನದ್ದು. ಇಲ್ಲಿ ಅಂಥ ಪ್ರದರ್ಶನ ನಡೆಸುವುದಾದರೆ, ಹೊರಗಿನಿಂದ ಬಂದ ಪ್ರತಿಯೊಂದು ವಸ್ತುವೂ ಗುರುತು ಬಿಡದೆ ಹೊರಗೆ ಹೋಗಬೇಕು ಎಂಬುದನ್ನು ಮೊದಲೇ ಒಪ್ಪಿಕೊಂಡ ವಿನ್ಯಾಸಕರನ್ನು ಮಾತ್ರ ಕರೆಯಿರಿ.

ಮೊದಲು ಒಕ್ಕದ ಒಪ್ಪಿಗೆ

ಬೆಂಗಳೂರಿನಲ್ಲಿರುವ ಒಬ್ಬ ಸದಸ್ಯರು ಫೋನಿನಲ್ಲಿ ‘ಆಯಿತು’ ಎಂದರೆ ಸಾಲದು. ಒಕ್ಕದ ಹಿರಿಯರಾದ ಪಟ್ಟೆದಾರರ ಸಮ್ಮುಖದಲ್ಲಿ ಒಕ್ಕದ ಸಭೆ ಕೂಡಿ, ಯಾವ ಕೋಣೆ, ಎಷ್ಟು ದಿನ, ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನು ಬರೆದು ಸಹಿ ಹಾಕಿಸಿಕೊಳ್ಳಿ. ಕಾರಣ ಸರಳ: ಕೆಲಸ ಅರ್ಧಕ್ಕೆ ಬಂದಾಗ ಊರಿಗೆ ಬರುವ ಹಿರಿಯರೊಬ್ಬರು ‘ಇದನ್ನು ಯಾರು ಹೇಳಿ ಮಾಡಿಸಿದ್ದು?’ ಎಂದು ಕೇಳಿದರೆ, ಉತ್ತರ ಕಾಗದದ ಮೇಲಿರಬೇಕು.

ಎರಡು ಜಾಗಗಳನ್ನು ಪಟ್ಟಿಯಿಂದಲೇ ಹೊರಗಿಡಿ. ಒಂದು, ಮನೆಯ ನೈಋತ್ಯ ಮೂಲೆಯ ದೇವರಕೋಣೆಯಾದ ಕನ್ನಿ ಕೊಂಬರೆ. ಇನ್ನೊಂದು, ಕಾರಣವರ, ಅಂದರೆ ಒಕ್ಕದ ಪೂರ್ವಜರ, ಗುಡಿಯಾದ ಕೈಮಡ. ಅಲ್ಲಿ ಅಲಂಕಾರವೂ ಬೇಡ, ಹಗ್ಗ ಕಟ್ಟಿ ‘ನೋಡಿ’ ಎಂದು ತೋರಿಸುವುದೂ ಬೇಡ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯನ್ನು ತೋರಿಸಬಹುದು, ಆದರೆ ಅಲ್ಲಿನ ತೂಗುದೀಪದ ಜಾಗ ಬದಲಾಗಬಾರದು. ಸಂಜೆ ಅದನ್ನು ಹಚ್ಚುವುದು ಮನೆಯವರೇ. ವಿನ್ಯಾಸಕರಿಗೆ ಕೊಡಲು ಉಳಿಯುವುದು ಕೈಯಾಲೆ (ಮುಂದಿನ ಜಗಲಿ), ಪಕ್ಕದ ಮಲಗುವ ಕೋಣೆಗಳು, ಹಳೆಯ ಅಡುಗೆಮನೆ, ಖಾಲಿಯಿದ್ದರೆ ಪತ್ತಾಯದ (ಕಣಜದ) ಕೋಣೆ. ನಾಲ್ಕೈದು ಕೋಣೆ ಬೇಕಾದಷ್ಟಾಯಿತು. ಕೋವಿ, ಒಡಿಕತ್ತಿ, ಪೀಚೆಕತ್ತಿ ಅಲಂಕಾರದ ಸಾಮಾನಲ್ಲ. ಅವನ್ನು ಒಳಗಿಟ್ಟು ಬೀಗ ಹಾಕಿ, ಕೀಲಿಕೈ ಮನೆಯವರ ಬಳಿಯೇ ಇರಲಿ.

ದಿನ ಗೊತ್ತುಮಾಡುವಾಗ ತೋಟದ ಕೆಲಸ ನೋಡಿಕೊಳ್ಳಿ. ನವೆಂಬರ್‌ನಿಂದ ಅರೇಬಿಕಾ, ಜನವರಿಯಿಂದ ರೊಬಸ್ಟಾ ಕೊಯ್ಲು. ಕಳದ ತುಂಬ ಕಾಫಿ ಹರಡಿರುತ್ತದೆ, ಆಳುಗಳೂ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಹೀಗಾಗಿ ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ಎರಡು ವಾರಾಂತ್ಯಗಳು ಒಳ್ಳೆಯದು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ಓಣಿ ಕೆಸರಾಗುತ್ತದೆ. ವಾಹನಗಳನ್ನು ರಸ್ತೆಯಲ್ಲೇ ನಿಲ್ಲಿಸಿ, ಓಣಿಯಲ್ಲಿ ಜನ ನಡೆದು ಬರುವಂತೆ ಮಾಡಿ. ಐನ್‌ಮನೆಗೆ ಹಾಗೆ ನಡೆದು ಬರುವುದೇ ಚೆಂದ.

ಗೋಡೆ

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ. ಮಣ್ಣಿನ ಗೋಡೆ ನೆಲದಿಂದ ತೇವ ಹೀರಿ ಮೈಯಿಂದ ಹೊರಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಅಥವಾ ಸಿಮೆಂಟ್ ಬಣ್ಣ ಬಳಿದರೆ ತೇವಕ್ಕೆ ಹೊರದಾರಿ ಇಲ್ಲ. ಮಾರ್ಚ್‌ನಲ್ಲಿ ಫೋಟೊಗೆ ಚೆನ್ನಾಗಿ ಕಂಡ ಗೋಡೆ ಆಗಸ್ಟ್‌ಗೆ ಗುಳ್ಳೆ ಏಳುತ್ತದೆ, ಬಿಳಿ ಉಪ್ಪು ಹೂಬಿಟ್ಟಂತೆ ಕಾಣಿಸುತ್ತದೆ, ಆಮೇಲೆ ಬಣ್ಣದ ಹಿಂದೆಯೇ ಮೆತ್ತಗಾದ ಮಣ್ಣೂ ಹಪ್ಪಳದಂತೆ ಕಳಚಿ ಬರುತ್ತದೆ. ಇಂಥ ಗೋಡೆಗೆ ಸುಣ್ಣವೇ ಸರಿ.

ಮೊದಲು ಗೋಡೆಯ ಮೇಲೆ ಒಂದು ಹಿಡಿ ನೀರು ಚಿಮುಕಿಸಿ. ಹೀರಿಕೊಂಡರೆ ಸುಣ್ಣ ಹಿಡಿಯುತ್ತದೆ. ಜಾರಿ ಇಳಿದರೆ ಹಿಂದೆ ಯಾರೋ ಪೇಂಟ್ ಬಳಿದಿದ್ದಾರೆ ಎಂದರ್ಥ. ಆ ಕೋಣೆಯನ್ನು ಇದ್ದಂತೆ ಬಿಟ್ಟು, ಮುಂದೆ ಹೇಳುವ ಬಟ್ಟೆಯ ಚೌಕಟ್ಟು ಬಳಸಿ. ಕೆರೆದು ತೆಗೆಯಲು ಹೋದರೆ ಗಾರೆಯೂ ಬರುತ್ತದೆ.

ಸುಟ್ಟ ಸುಣ್ಣದ ಕಲ್ಲು 1 ಕೆ.ಜಿ.ಗೆ 5 ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಆಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಇಳಿಬಿಡಿ. ಕಲ್ಲಿನ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ಕರಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯ. ಮಕ್ಕಳನ್ನು ಆ ಕಡೆ ಬಿಡಬೇಡಿ. ಕನಿಷ್ಠ 24 ಗಂಟೆ ನೆನೆಯಲಿ, ವಾರ ಬಿಟ್ಟರೆ ಇನ್ನೂ ಒಳ್ಳೆಯದು. ದಪ್ಪ ಬಟ್ಟೆಯಲ್ಲಿ ಸೋಸಿ. ಬಿಸಿನೀರಿನಲ್ಲಿ ಕರಗಿಸಿದ ಮರದ ಅಂಟನ್ನು (ಗೋಂದನ್ನು) 10 ಲೀಟರ್ ಸುಣ್ಣಕ್ಕೆ 40 ಗ್ರಾಂ ಲೆಕ್ಕದಲ್ಲಿ ಸೇರಿಸಿದರೆ ಕೈಗೆ, ಬಟ್ಟೆಗೆ ಸುಣ್ಣ ಮೆತ್ತುವುದು ಕಡಿಮೆಯಾಗುತ್ತದೆ.

ಗೋಡೆಯ ಧೂಳನ್ನು ತೆಂಗಿನ ನಾರಿನ ಕುಂಚದಿಂದ ಉಜ್ಜಿ ತೆಗೆದು, ಬಳಿಯುವ ಮೊದಲು ನೀರು ಚಿಮುಕಿಸಿ ತೇವ ಮಾಡಿ. ಫೆಬ್ರುವರಿಯ ಒಣಗಾಳಿಗೆ ಬರಿ ಗೋಡೆ ಸುಣ್ಣದ ನೀರನ್ನು ಕ್ಷಣದಲ್ಲಿ ಕುಡಿದುಬಿಡುತ್ತದೆ. ಆಗ ಸುಣ್ಣ ಗಟ್ಟಿಯಾಗದೆ ಪುಡಿಯಾಗಿ ಉಳಿಯುತ್ತದೆ. ಹಾಲಿನಷ್ಟು ತೆಳುವಿರಲಿ. ಮೂರು ಸಲ ಬಳಿಯಬೇಕು, ದಿನಕ್ಕೊಂದು ಸಲ, ಒಂದು ಸಲ ಮೇಲಿಂದ ಕೆಳಗೆ, ಮರುದಿನ ಅಡ್ಡಕ್ಕೆ. ಹಸಿಯಿದ್ದಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಇದು ಗೊತ್ತಿಲ್ಲದವರು ಕಾಣಲಿಲ್ಲವೆಂದು ದಪ್ಪ ಬಳಿಯುತ್ತಾರೆ, ಅದು ಬಿರಿದು ಉದುರುತ್ತದೆ.

ಬಣ್ಣ ಬೇಕಿದ್ದರೆ ಕಾವಿ, ಹಳದಿ ಮಣ್ಣು, ಚೂರು ನೀಲಿ. ಬಣ್ಣದ ಪುಡಿ ಸುಣ್ಣದ ತೂಕದ ಹತ್ತನೇ ಒಂದು ಪಾಲು ಮೀರಬಾರದು. ಮೀರಿದರೆ ಮುಟ್ಟಿದವರ ಕೈಗೆ ಬರುತ್ತದೆ. ಇಡೀ ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ಕಲಸಿಕೊಳ್ಳಿ, ಎರಡನೆಯ ಸಲ ಅದೇ ಬಣ್ಣ ಬರುವುದಿಲ್ಲ. ಒಡೆದ ಹೆಂಚಿನ ಮೇಲೆ ಬಳಿದು ಒಣಗಿಸಿ ನೋಡಿ, ಹಸಿಯಾಗಿದ್ದಾಗ ಕಂಡದ್ದಕ್ಕಿಂತ ಬಹಳ ತಿಳಿಯಾಗಿರುತ್ತದೆ.

ಹೆಂಚಿನ ಮಾತು ಬಂದದ್ದಕ್ಕೆ: ಗೋಡೆಗೆ ಕೈ ಹಾಕುವ ಮುನ್ನ ಮಾಡನ್ನು, ಅಂದರೆ ಸೂರನ್ನು, ನೋಡಿ. ಮೊದಲು ಹುಲ್ಲು ಹೊದ್ದಿದ್ದ ಅನೇಕ ಮನೆಗಳಿಗೆ ಆಮೇಲೆ ಮಂಗಳೂರು ಹೆಂಚು ಬಂತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರದ ಕಥೆ ಅದು. ಹಳೆಯ ಹೆಂಚಿನ ಅಚ್ಚು ಈಗಿನದಕ್ಕೆ ಕೂಡುವುದಿಲ್ಲ. ಒಡೆದ ಹೆಂಚಿಗೆ ಬದಲಿಯನ್ನು ಕೊಟ್ಟಿಗೆಯ ಮಾಡಿನಿಂದ ತೆಗೆದು, ಕೊಟ್ಟಿಗೆಗೆ ಹೊಸದು ಹಾಕಿ.

ತೂಗುಹಾಕುವುದು

ಗೋಡೆಗೂ ಕಂಬಕ್ಕೂ ಮೊಳೆಯಿಲ್ಲ, ಅಂಟುಪಟ್ಟಿಯೂ ಇಲ್ಲ. ಅಂಟುಪಟ್ಟಿ ಕಿತ್ತರೆ ಸುಣ್ಣದ ಪದರವೇ ಬರುತ್ತದೆ. ಬದಲಿಗೆ ನಿಂತ ಚೌಕಟ್ಟು ಮಾಡಿಸಿ: 2×1 ಇಂಚಿನ ಮರದ ರೀಪಿನಲ್ಲಿ 7 ಅಡಿ ಎತ್ತರ, 4 ಅಡಿ ಅಗಲ, ಕೆಳಗೆ ಮುಂದಕ್ಕೂ ಹಿಂದಕ್ಕೂ ಚಾಚಿದ 2 ಅಡಿಯ ಎರಡು ಕಾಲು, ಪ್ರತಿ ಕಾಲಿನ ಮೇಲೆ 10 ಕೆ.ಜಿ. ಮರಳಿನ ಚೀಲ. ಖಾದಿ ಬಟ್ಟೆ ಎಳೆದು ಕಟ್ಟಿದರೆ ಬಣ್ಣದ ಗೋಡೆಯೂ ಅದೇ, ಚಿತ್ರ ತೂಗುವ ಜಾಗವೂ ಅದೇ. ಗೋಡೆಯಿಂದ ಕನಿಷ್ಠ 4 ಇಂಚು ದೂರ ನಿಲ್ಲಿಸಿ. ಅಂಟಿಸಿಟ್ಟರೆ ಗಾಳಿಯಾಡದೆ ಹಿಂದೆ ಬೂಸಲು ಹಿಡಿಯುತ್ತದೆ. ಎರಡೇ ವಾರ ಸಾಕು ಅದಕ್ಕೆ. ಹಗುರ ವಸ್ತುಗಳನ್ನು ತೊಲೆಗೆ ಹತ್ತಿಯ ಅಗಲ ಪಟ್ಟಿ ಸುತ್ತಿ ಇಳಿಬಿಡಬಹುದು. ತಂತಿ ಮತ್ತು ನೈಲಾನ್ ಹಗ್ಗ ಮರವನ್ನು ಕೊರೆಯುತ್ತವೆ.

ಮರ, ನೆಲ, ಹೊರಗಿನ ಪೀಠೋಪಕರಣ

ಕೈಯಾಲೆಯ ಐಮರವನ್ನು ನೋಡಿ: ಕಂಬದಿಂದ ಕಂಬಕ್ಕೆ ಒಂದೇ ಹಲಗೆ, ತಲೆಮಾರುಗಳು ಕುಳಿತು ನುಣುಪಾದದ್ದು. ಅದರ ಮೇಲೆ ದಿಂಬಿನ ರಾಶಿ ಹಾಕಿ ಮುಚ್ಚುವುದು ಕಣ್ಣಿಗೆ ಮಾಡುವ ಅನ್ಯಾಯ. ಒಂದು ತುದಿಯಲ್ಲಿ ಎರಡು ದಿಂಬು ಸಾಕು. ವಾರ್ನಿಷ್ ಖಂಡಿತ ಬೇಡ. ಒಣ ಬಟ್ಟೆಯಲ್ಲಿ ಒರೆಸಿ ಜೇನುಮೇಣ ತಿಕ್ಕಿ: 100 ಗ್ರಾಂ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಒಲೆಯಿಂದ ದೂರ ತಂದ ಮೇಲೆ 250 ಗ್ರಾಂ ಟರ್ಪೆಂಟೈನ್ ಬೆರೆಸಿ. ಒಲೆಯ ಮೇಲೇ ಬೆರೆಸಿದರೆ ಬೆಂಕಿ ಹಿಡಿಯುತ್ತದೆ. ಅಗಸೆ ಎಣ್ಣೆ ಬಳಸಿದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ಮುಳುಗಿಸಿಡಿ. ಬಾಗಿಲಿನ ಹಿತ್ತಾಳೆಯ ಗುಬ್ಬಿಗಳನ್ನು ಹುಣಸೆಹುಳಿಯಿಂದ ಬೆಳಗುವುದೂ ತಪ್ಪು, ರಸ ಇಳಿದು ಮರದಲ್ಲಿ ಕಪ್ಪು ಗೆರೆ ಬೀಳುತ್ತದೆ.

ಕಾವಿ ನೆಲಕ್ಕೆ ಆಸಿಡ್, ಫಿನಾಯಿಲ್ ತಾಗಿಸಬೇಡಿ. ಎಣ್ಣೆ ಹಚ್ಚಿ ಹೊಳೆಯಿಸುವ ಆಸೆ ಬಂದರೂ ತಡೆದುಕೊಳ್ಳಿ, ಬರಿಗಾಲಿನ ವಯಸ್ಸಾದವರು ಜಾರುತ್ತಾರೆ. ಮೇಜು ಕುರ್ಚಿಯ ಕಾಲಿಗೆ ಉಣ್ಣೆಯ ತುಂಡು ಅಂಟಿಸಿ. ರಬ್ಬರ್ ಬಿರಡೆ ಕರಿ ಕಲೆ ಬಿಡುತ್ತದೆ.

ಕಾಫಿ ಬೊಡ್ಡೆಯ ಟೀಪಾಯಿ ವಿನ್ಯಾಸಕರಿಗೆಲ್ಲ ಇಷ್ಟ, ಈ ಮನೆಗೆ ಹೊಂದುತ್ತದೆ ಕೂಡ. ಆದರೆ ಸರಿಯಾಗಿ ಒಣಗದ ಬೊಡ್ಡೆಯ ಜೊತೆ ಮರ ಕೊರೆಯುವ ಹುಳು ಬರುತ್ತದೆ, ಬಂದರೆ ಅದು ಮನೆಯ ತೊಲೆಗೆ ಹೋಗಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹೊರಗಿನಿಂದ ಬಂದ ಮರದ ವಸ್ತುವನ್ನೆಲ್ಲ ಒಂದು ವಾರ ಕೊಟ್ಟಿಗೆಯಲ್ಲಿ ಕರಿ ಕಾಗದದ ಮೇಲಿಡಿ. ಕಾಗದದ ಮೇಲೆ ಹಿಟ್ಟಿನಂಥ ಪುಡಿ ಕಂಡರೆ ವಾಪಸ್ ಕಳಿಸಿ.

ಬೆಳಕು, ಬಟ್ಟೆ, ಹೂವು

ಹಳೆಯ 5 ಆಂಪಿಯರ್ ಪ್ಲಗ್ 230 ವೋಲ್ಟ್‌ನಲ್ಲಿ ತಾಳುವುದು 1,150 ವ್ಯಾಟ್ ಮಾತ್ರ. ಕಾಫಿ ಮಾಡುವವರ 1,500 ವ್ಯಾಟ್ ಕೆಟಲ್ ಅದಕ್ಕೆ ಸಿಕ್ಕಿಸಿದರೆ ವೈರ್ ಬಿಸಿಯಾಗಿ ಮರದ ಪಟ್ಟಿ ಸುಡುತ್ತದೆ. ಮೀಟರಿನಿಂದ ತಾತ್ಕಾಲಿಕ ಲೈನ್ ಎಳೆಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ, ದೀಪಗಳಿಗೆ 1.5 ಚದರ ಮಿ.ಮೀ., ಅಡುಗೆಯವರಿಗೆ ಬೇರೆಯೇ 2.5 ಚದರ ಮಿ.ಮೀ. ವೈರ್. 7 ವ್ಯಾಟ್‌ನ 16 ಎಲ್‌ಇಡಿ ಸೇರಿ 112 ವ್ಯಾಟ್, ಕರೆಂಟ್ ಹೋದರೂ ಮನೆಯ ಇನ್ವರ್ಟರ್ ನಡೆಸಿಕೊಡುತ್ತದೆ. ಬೆಳಕಿನ ಬಣ್ಣ 2,700 ಕೆಲ್ವಿನ್, ಅಂದರೆ ಹಳದಿ ಛಾಯೆಯದ್ದು, ಇರಲಿ. ಬಿಳಿ ಬೆಳಕಿನಲ್ಲಿ ಬೀಟೆ ಮರ ಸತ್ತಂತೆ ಕಾಣುತ್ತದೆ.

ಹಳೆಯ ರೇಷ್ಮೆ ಚೇಲೆ (ನಡುಪಟ್ಟಿ), ಕುಪ್ಯ (ಗಂಡಸರ ನಿಲುವಂಗಿ), ಸೀರೆ ತೋರಿಸುವುದಾದರೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡ, ಕಿಟಕಿಯ ಎದುರೂ ಬೇಡ. ಮಡಿಕೆಯ ಗೆರೆಯಲ್ಲೇ ರೇಷ್ಮೆ ಸೀಳುವುದರಿಂದ, ತೊಳೆದ ಬಿಳಿ ಹತ್ತಿಬಟ್ಟೆ ಸುತ್ತಿದ 4 ಇಂಚಿನ ಪೈಪಿಗೆ ಸುತ್ತಿ ಒಂದು ಮೊಳದಷ್ಟು ಮಾತ್ರ ಬಿಚ್ಚಿ ತೋರಿಸಿ. ಪಿನ್ ಚುಚ್ಚಬಾರದು.

ಕಾಫಿ ಹೂವಿನ ರೆಂಬೆ ಕತ್ತರಿಸಿ ಹೂದಾನಿಗೆ ಇಡುವುದು ಬೆಳೆಯನ್ನೇ ಕತ್ತರಿಸಿದಂತೆ. ತೋಟದಲ್ಲಿ ಅರಳಿದ್ದರೆ ಅದರ ಪರಿಮಳ ಕಿಟಕಿಯಿಂದಲೇ ಬರುತ್ತದೆ. ಕಾಡು ಜರಿಗಿಡದ ಎಲೆ, ಚೆಂಡುಹೂ ಸಾಕು. ನೀರಿನ ಪಾತ್ರೆಯ ಕೆಳಗೆ ತಟ್ಟೆ ಇರಲೇಬೇಕು.

ಜನ, ಹಣ

ಅಟ್ಟದ ಮರದ ನೆಲವನ್ನು ಎಂಜಿನಿಯರ್ ನೋಡಿ ಹೇಳದ ಹೊರತು ಜನರನ್ನು ಮೇಲೆ ಬಿಡಬೇಡಿ. ಕೆಳಗೆ 20 ನಿಮಿಷಕ್ಕೊಮ್ಮೆ 12 ಜನ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ, ಮಧ್ಯಾಹ್ನ ಒಂದು ಗಂಟೆ ಬಿಡುವು ಕೊಟ್ಟರೆ ದಿನಕ್ಕೆ 18 ತಂಡ, 216 ಜನ. ನಾಲ್ಕು ದಿನಕ್ಕೆ 864. ಟಿಕೆಟ್ 200 ರೂಪಾಯಿಯಾದರೆ ಎಲ್ಲವೂ ಮಾರಾಟವಾದರೂ 1,72,800 ರೂಪಾಯಿ. ಸುಣ್ಣ, ವೈರಿಂಗ್, ಶೌಚಾಲಯ, ಕಾವಲು ಎಂದು ಕಳೆದರೆ ಉಳಿಯುವುದು ಕಡಿಮೆ. ಹಣ ನಿಜವಾಗಿ ಬರುವುದು ಕೋಣೆಯಲ್ಲಿಟ್ಟ ವಸ್ತುಗಳ ಮಾರಾಟದಲ್ಲಿ 20 ಶೇಕಡ ಪಾಲಿನಿಂದ ಮತ್ತು ಕೋಣೆಗೊಬ್ಬ ಪ್ರಾಯೋಜಕರಿಂದ. ವಿನ್ಯಾಸಕರು ತಮ್ಮ ಖರ್ಚಿನಲ್ಲೇ ಕೋಣೆ ಸಜ್ಜುಗೊಳಿಸುವುದು ಈ ಪದ್ಧತಿಯ ಬುಡ.

ಟಿಕೆಟ್ ಹಣವನ್ನೂ ದೇಣಿಗೆಯನ್ನೂ ಒಂದೇ ಪೆಟ್ಟಿಗೆಗೆ ಹಾಕಬೇಡಿ. ಟಿಕೆಟ್‌ಗೆ ತೆರಿಗೆ ರಿಯಾಯಿತಿಯಿಲ್ಲ. ದೇಣಿಗೆಗೆ ತೆರಿಗೆ ರಿಯಾಯಿತಿಯ ಮಾನ್ಯತೆಯಿರುವ ಟ್ರಸ್ಟ್‌ನ ರಸೀದಿ ಬೇಕು, ಕೊಡುವವರ ಪ್ಯಾನ್ ಸಂಖ್ಯೆ ಬೇಕು, 2,000 ರೂಪಾಯಿ ಮೀರಿದ್ದನ್ನು ನಗದಾಗಿ ಕೊಟ್ಟರೆ ರಿಯಾಯಿತಿ ಸಿಗದು. ಬಾಗಿಲಲ್ಲಿ ಕೂರುವ ಹುಡುಗರಿಗೆ ಇದನ್ನು ಮೊದಲೇ ಹೇಳಿಕೊಡಿ.

ಬಿಚ್ಚುವ ದಿನ

ಕೆಲಸ ಶುರುವಾಗುವ ಮುನ್ನ ಪ್ರತಿ ಗೋಡೆ, ಕಂಬ, ನೆಲದ ಫೋಟೊ ತೆಗೆದು, ಇದ್ದ ಬಿರುಕು ಕಲೆಗಳನ್ನು ಕೋಣೆಗೊಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ವಿನ್ಯಾಸಕರಿಂದ ಠೇವಣಿ ಪಡೆಯಿರಿ. ಕೊನೆಯ ದಿನ ಎಲ್ಲವನ್ನೂ ಹೊರಗೆ ಸಾಗಿಸಿದ ಮೇಲೆ, ಹಗಲು ಬೆಳಕಿನಲ್ಲಿ ಅದೇ ನೋಟ್‌ಬುಕ್ ಹಿಡಿದು ಮನೆಯವರ ಜೊತೆ ಕೋಣೆ ಕೋಣೆ ನೋಡಿ. ಠೇವಣಿಯ ಅರ್ಧ ಅಂದೇ ಮರಳಿಸಿ. ಉಳಿದರ್ಧ ಜೂನ್‌ನಲ್ಲಿ ಮಳೆ ಹಿಡಿದು ಹದಿನೈದು ದಿನ ಕಳೆದ ಮೇಲೆ, ಸುಣ್ಣದ ಗೋಡೆಯನ್ನು ಅಂಗೈಯಿಂದ ಸವರಿ, ಪುಡಿ ಹತ್ತದಿದ್ದರೆ.